ಒಂಬತ್ತು ಬಟ್ಟಲಿನ ಹಿತ್ತಾಳೆ ದೀಪ: ಆರು ರಾತ್ರಿಗೆ ಸಾಕು, ಶುಕ್ರವಾರಕ್ಕೆ ಸಾಲದು

ಡಿಸೆಂಬರಿನಲ್ಲಿ ಇಸ್ರೇಲಿನ ಅತಿಥಿಗಳು ಬಂದು ಉಳಿಯುವ ಕೊಡಗಿನ ಹೋಂಸ್ಟೇಯವರು ಯೆಹೂದಿಗಳ ಎಂಟು ರಾತ್ರಿಯ ದೀಪದ ಹಬ್ಬವಾದ ಹನುಕ್ಕಾಕ್ಕೆಂದು ಈ ದೀಪ ಕೊಳ್ಳಬಹುದು. ಮಡಿಕೇರಿ ಪೇಟೆಯ ಪಾತ್ರೆ ಅಂಗಡಿಯಲ್ಲಿ ಬೆಲೆ 1,850 ರೂಪಾಯಿ. ಎರಕ ಗಟ್ಟಿಯಾಗಿದೆ, ಎಣ್ಣೆ ಸೋರುವುದಿಲ್ಲ. ಕೊರತೆ ಇರುವುದು ಬಟ್ಟಲಿನ ಆಳದಲ್ಲಿ.

ಹನುಕ್ಕಾ ಯೆಹೂದಿಗಳ ಮೂಲ ಧರ್ಮಗ್ರಂಥ ತೋರಾದಲ್ಲಿ ವಿಧಿಸಿದ ಹಬ್ಬವಲ್ಲ. ಕ್ರಿ.ಪೂ. 164ರಲ್ಲಿ ಯೆಹೂದಿ ದಂಗೆಯ ನಾಯಕ ಯೆಹೂದ ಮಕಾಬಿಯ ಕಡೆಯವರು ಜೆರುಸಲೇಮಿನ ದೇವಾಲಯವನ್ನು ಬಿಡಿಸಿಕೊಂಡು ಶುದ್ಧಿ ಮಾಡಿದ ನೆನಪಿಗೆ ಹುಟ್ಟಿದ್ದು. ಆದರೂ ದೀಪ ಹಚ್ಚುವಾಗ ದೇವರು 'ನಮಗೆ ಆಜ್ಞಾಪಿಸಿದ' ಎಂದೇ ಸ್ತುತಿ ಹೇಳುತ್ತಾರೆ. ಎಲ್ಲಿ ಆಜ್ಞಾಪಿಸಿದ ಎಂದು ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಚರ್ಚೆಗಳ ಸಂಗ್ರಹವಾದ ತಾಲ್ಮುಡ್ ತಾನೇ ಕೇಳಿಕೊಳ್ಳುತ್ತದೆ. ತೀರ್ಪು ಕೊಡುವವರ ಮಾತಿನಿಂದ ಆಚೀಚೆ ಸರಿಯಬೇಡ ಎಂಬ ತೋರಾದ ಧರ್ಮೋಪದೇಶಕಾಂಡದ 17ನೇ ಅಧ್ಯಾಯದ ಮಾತೇ ಅದು ಕೊಡುವ ಒಂದು ಉತ್ತರ. ಅಂದರೆ ರಬ್ಬಿಗಳ ಕಟ್ಟಳೆಯನ್ನು ಪಾಲಿಸುವುದೂ ದೇವರ ಆಜ್ಞೆಯೇ. ಎಂಥ ಸೊಗಸಾದ ತರ್ಕ! ಈ ಎಂಟು ದಿನ ಕೆಲಸಕ್ಕೆ ನಿಷೇಧವಿಲ್ಲ. ದೀಪದ ಅಳತೆಯಲ್ಲಿ ಮಾತ್ರ ಬಹಳ ಕಟ್ಟುನಿಟ್ಟು.

ಎಂಟು ಬಟ್ಟಲು ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿವೆ; ಮೊದಲ ರಾತ್ರಿ ಒಂದು, ಆಮೇಲೆ ರಾತ್ರಿಗೊಂದರಂತೆ ಹೆಚ್ಚಿಸಿ ಹಚ್ಚುತ್ತಾರೆ. ಒಂಬತ್ತನೆಯದು ಎರಡು ಬೆರಳು ಮೇಲಿದೆ. ಅದು ಶಮಾಶ್. ಹಬ್ಬದ ದೀಪಗಳ ಬೆಳಕನ್ನು ಓದಲು, ಕೆಲಸಕ್ಕೆ ಬಳಸುವಂತಿಲ್ಲವಾದ್ದರಿಂದ ಈ ಬೇರೆ ದೀಪ. ಅದೇ ಅಂಗಡಿಯ ದುಂಡನೆಯ ಮಾದರಿ ಬೇಡ. ಬತ್ತಿಗಳು ಸುತ್ತಲೂ ಒತ್ತಾಗಿ ಕೂತರೆ ಜ್ವಾಲೆ ಕೂಡಿಕೊಂಡು ಬೆಂಕಿಗುಡ್ಡೆಯಂತಾಗುತ್ತದೆ, ಎಣಿಕೆಗೆ ಸಿಗುವುದಿಲ್ಲ.

ಬಟ್ಟಲಿಗೆ 5 ಮಿ.ಲೀ. ಎಣ್ಣೆ ಹಿಡಿಯುತ್ತದೆ, ಮಾಮೂಲಿ ಹತ್ತಿಬತ್ತಿ ಸುಮಾರು 40 ನಿಮಿಷ ಉರಿಯುತ್ತದೆ. ಕತ್ತಲಾದ ಮೇಲೆ ಹಚ್ಚಿದರೆ ಅರ್ಧ ಗಂಟೆ ಉರಿದರೆ ಸಾಕು. ಶುಕ್ರವಾರ ಹಾಗಲ್ಲ: ಸೂರ್ಯ ಮುಳುಗುತ್ತಲೇ ಶಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಶುರುವಾಗುತ್ತದೆ, ಆಮೇಲೆ ಬೆಂಕಿ ಹಚ್ಚುವಂತಿಲ್ಲ. ಶಬ್ಬತ್ ದೀಪಕ್ಕಿಂತ ಮೊದಲೇ, ಅಂದರೆ 5.35ರ ಹೊತ್ತಿಗೆ ಹಚ್ಚಿ, ಕತ್ತಲಾಗಿ ಅರ್ಧ ಗಂಟೆಯವರೆಗೂ ಉರಿಯಬೇಕು: ಸುಮಾರು ಒಂದೂವರೆ ಗಂಟೆ. ನಡುವೆ ಎಣ್ಣೆ ಸುರಿದು ಸರಿಮಾಡಲು ಬರುವುದಿಲ್ಲ. ಹಚ್ಚುವ ಕ್ರಿಯೆಯೇ ವಿಧಿ. ಹಚ್ಚುವ ಗಳಿಗೆಯಲ್ಲೇ ಪೂರ್ತಿ ಎಣ್ಣೆ ಇರಬೇಕು. ಶಬ್ಬತ್ ಶುರುವಾದ ಮೇಲಂತೂ ಮುಟ್ಟುವಂತೆಯೇ ಇಲ್ಲ. 2026ರಲ್ಲಿ ಮೊದಲ ರಾತ್ರಿ ಡಿಸೆಂಬರ್ 4, ಎಂಟನೆಯದು 11, ಎರಡೂ ಶುಕ್ರವಾರ. ಆ ಎರಡು ದಿನಕ್ಕೆ 15 ಮಿ.ಲೀ. ಹಿಡಿಯುವ ಗಾಜಿನ ಲೋಟಗಳನ್ನು ತಟ್ಟೆಯಲ್ಲಿ ಸಾಲಾಗಿಟ್ಟು ಕೊಡಿ.

ಎಣ್ಣೆ ಯಾವುದಾದರೂ ಆದೀತು, ಆಲಿವ್ ಶ್ರೇಷ್ಠ. ಕೊಬ್ಬರಿ ಎಣ್ಣೆ ಮಾತ್ರ ಇಲ್ಲಿ ಬೇಡ: 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಸಂಜೆ ಚಳಿಗೆ ಬಟ್ಟಲಲ್ಲಿ ಬೆಳ್ಳಗೆ ಗಟ್ಟಿಯಾಗಿ, ಬತ್ತಿಗೆ ಎಣ್ಣೆ ಏರದೆ, ತುದಿ ಕರಕಾಗಿ ಆರುತ್ತದೆ. ಎಳ್ಳೆಣ್ಣೆಗೆ ಆ ತೊಂದರೆ ಇಲ್ಲ.

ಮಣ್ಣಿನ ಹಣತೆ ಅಗ್ಗ ನಿಜ, ಆದರೆ ಒಮ್ಮೆ ಉರಿಸಿದ್ದನ್ನು ಹಳತೆಂದು ಮರುದಿನಕ್ಕೆ ಬಳಸುವುದಿಲ್ಲ. ಹೊಸತೇ ಬೇಕೆಂದರೆ ಶಮಾಶ್ ಸೇರಿ ಎಂಟು ರಾತ್ರಿಗೆ 44. ಲೋಹದ್ದನ್ನು ಒರೆಸಿ ಮತ್ತೆ ಹಚ್ಚಬಹುದು.

ದೀಪವನ್ನು ಗಾಳಿ ಬಡಿಯುವ ಜಗುಲಿಯಲ್ಲಿಡದೆ, ಹೊರಗಿನವರಿಗೆ ಕಾಣುವ ಗಾಜಿನ ಕಿಟಕಿಯ ಒಳಗಿಡಿ. ತಾನಾಗಿ ಆರಿದರೆ ಮತ್ತೆ ಹಚ್ಚಬೇಕಿಲ್ಲ. ಗಾಳಿಗೊಡ್ಡಿ ಇಟ್ಟದ್ದು ಆರಿದರೆ ಹಚ್ಚಲೇಬೇಕು.