ಚಿಕ್ಕಮಗಳೂರಿನ ಇಂಗ್ಲಿಷ್ ಬರವಣಿಗೆ ತರಗತಿ: ಬೆಳೆಗಾರರೂ ಹೋಂಸ್ಟೇಯವರೂ ಸೇರಬೇಕು

ಮಾತನಾಡುವ ಇಂಗ್ಲಿಷ್ ಕಲಿಸುವವರು ಊರಿನಲ್ಲಿ ಬೇಕಾದಷ್ಟಿದ್ದಾರೆ. ಪತ್ರ ಬರೆಯಲು ಕಲಿಸುವವರು ಅಪರೂಪ. ಎಂ.ಜಿ. ರಸ್ತೆಯ ಹತ್ತಿರ ಸಂಜೆ ನಡೆಯುವ ಈ ತರಗತಿ ಅಂಥದ್ದು. ಆಲ್ದೂರು ಕಡೆ ನಮ್ಮದು ಸಣ್ಣ ತೋಟ, ಜೊತೆಗೊಂದು ಹೋಂಸ್ಟೇ. ಕಾಫಿ ಕೊಳ್ಳುವವರಿಗೂ ಅತಿಥಿಗಳಿಗೂ ಇಮೇಲ್ ಬರೆಯುವುದು ನನ್ನ ಪಾಲಿನ ಕೆಲಸ.

ಗುಣವಾಚಕಗಳ ಮುಂದೆ, ಮಾತು ಮೆದುವಾಗಲೆಂದು, ನಾವೆಲ್ಲ ಧಾರಾಳವಾಗಿ ಸೇರಿಸುವ ಫೇರ್ಲಿ, ಕ್ವೈಟ್, ರಾದರ್, ಎ ಬಿಟ್‌ಗಳನ್ನು ಮೇಡಂ ತಿದ್ದುವ ರೀತಿಯೇ ಇಲ್ಲಿನ ಹೆಚ್ಚುಗಾರಿಕೆ. ಮೂಡಿಗೆರೆಯ ಬೆಳೆಗಾರರೊಬ್ಬರು ತಮ್ಮ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 'ಫೇರ್ಲಿ ಡ್ರೈ' ಎಂದು ಬರೆದಿದ್ದರು. "ಮೀಟರ್ ಇಟ್ಟು ನೋಡಿದ್ದೀರಲ್ಲ, ತೇವಾಂಶ ಎಷ್ಟಿತ್ತು?" ಎಂದು ಮೇಡಂ ಕೇಳಿದರು. ಬೆಳೆಗಾರರು ಹೇಳಿದ ಕೂಡಲೇ ಮೇಡಂ ಎರಡೂ ಪದಗಳನ್ನು ಪೆನ್ಸಿಲ್‌ನಲ್ಲಿ ಹೊಡೆದು ಶೇ. 11 ಎಂದು ಬರೆದರು. ಅದೇ ಪತ್ರದಲ್ಲಿ ಅರೇಬಿಕಾ ರುಚಿಯ ಬಗ್ಗೆ ಇದ್ದ 'ಸ್ಲೈಟ್ಲಿ ಅಸಿಡಿಕ್' ಅನ್ನು ಮಾತ್ರ ಮುಟ್ಟಲಿಲ್ಲ. ಸ್ಲೈಟ್ಲಿ ತೆಗೆದರೆ ಕೊಳ್ಳುವವನು ಇನ್ನೂ ಹುಳಿಯಾದ ಕಾಫಿಯನ್ನು ನಿರೀಕ್ಷಿಸುತ್ತಾನೆ. ಮೆದು ಮಾತೆಲ್ಲ ಕಳೆ ಎಂದು ಕಿತ್ತೆಸೆಯುವ ಮೇಷ್ಟರುಗಳನ್ನು ನೋಡಿದ್ದೇನೆ. ಇವರು ಹಾಗಲ್ಲ, ಆ ಪದ ಏನನ್ನಾದರೂ ಅಳೆಯುತ್ತಿದೆಯೇ ಎಂದು ನೋಡುತ್ತಾರೆ. ನನಗೆ ಬಹಳ ಹಿಡಿಸಿದ್ದು ಇದೇ.

ಜುಲೈ ತಿಂಗಳ ನಮ್ಮ ಹವೆಯನ್ನು 'ಫೇರ್ಲಿ ಕೂಲ್' ಎಂದರೆ ಅತಿಥಿ ಖುಷಿಪಡುತ್ತಾನೆ, 'ರಾದರ್ ಕೂಲ್' ಎಂದರೆ ಸ್ವೆಟರ್ ಹುಡುಕುತ್ತಾನೆ. ಫೇರ್ಲಿ ಸಾಮಾನ್ಯವಾಗಿ ಒಪ್ಪಿಗೆಯ ಕಡೆ ವಾಲುತ್ತದೆ, ರಾದರ್ ಅಸಮಾಧಾನದ ಕಡೆ. ಇನ್ನು ದಾರಿ 'ಎ ಬಿಟ್ ರಫ್' ಎಂದು ಬರೆಯುವ ಹೋಂಸ್ಟೇಗಳು ನಮ್ಮ ಸುತ್ತ ಎಷ್ಟೋ ಇವೆ. ಕೊನೆಯ ಭಾಗ ಮಣ್ಣಿನ ರಸ್ತೆ, ಮಳೆಗಾಲದಲ್ಲಿ ಜೀಪು ಬೇಕು ಎಂದು ನೇರವಾಗಿ ಬರೆಯಬೇಕು. ಬೆಂಗಳೂರಿನಿಂದ ಮಕ್ಕಳನ್ನು ಕೂರಿಸಿಕೊಂಡು ಸಣ್ಣ ಕಾರಿನಲ್ಲಿ ಬರುವವರಿಗೆ 'ಎ ಬಿಟ್' ಎನ್ನುವುದು ಅನ್ಯಾಯ.

ಕೊರತೆಯೂ ಇದೆ. ಕೊಟ್ಟ ಟಿಪ್ಪಣಿಯಲ್ಲಿ ಕ್ವೈಟ್ ಎಂದರೆ 'ತಕ್ಕಮಟ್ಟಿಗೆ' ಎಂದಷ್ಟೇ ಅಚ್ಚಾಗಿದೆ. 'ಕ್ವೈಟ್ ಗುಡ್' ಎಂದರೆ ಬ್ರಿಟಿಷರಿಗೆ ಅನೇಕ ಸಲ 'ಪರವಾಗಿಲ್ಲ' ಎಂದಷ್ಟೇ. ಅಮೆರಿಕದವರಿಗೆ ಅದು ಒಳ್ಳೆಯ ಹೊಗಳಿಕೆ. ಪರ್ಫೆಕ್ಟ್, ಇಂಪಾಸಿಬಲ್ ಮುಂದೆ ಬಂದರಂತೂ ಅದರ ಅರ್ಥ 'ಪೂರ್ತಿಯಾಗಿ'. ಕೇಳಿದಾಗ ಮೇಡಂ ಚೆನ್ನಾಗಿಯೇ ವಿವರಿಸಿದರು. ಆದರೆ ಹೊರದೇಶಕ್ಕೆ ಕಾಫಿ ಮಾದರಿ ಕಳಿಸುವವರು ಕೂರುವ ತರಗತಿಯಲ್ಲಿ ಇದು ಟಿಪ್ಪಣಿಯಲ್ಲೇ ಇರಬೇಕು.

ಶುಲ್ಕ ದುಬಾರಿಯೇನಲ್ಲ. ತೊಂದರೆ ಎಂದರೆ ತರಗತಿ ನಡೆಯುವುದು ಡಿಸೆಂಬರ್, ಜನವರಿಯಲ್ಲಿ, ತೋಟದಲ್ಲಿ ಕೊಯ್ಲು ಬಿರುಸಾಗಿರುವಾಗ. ಬೆಳೆಗಾರರಲ್ಲಿ ಅರ್ಧದಷ್ಟು ಜನ ನಡುವೆಯೇ ಬಿಡುತ್ತಾರೆ. ಮುಂದಿನ ತಂಡವನ್ನು ಜೂನ್‌ನಲ್ಲಿ ಶುರು ಮಾಡಿ ಎಂದು ಕೇಳಿದ್ದೇವೆ. ಒಪ್ಪಿದರೆ ನನ್ನ ತಂಗಿಯನ್ನೂ ಸೇರಿಸುತ್ತೇನೆ.