ಒಂಬತ್ತು ಇಂಚಿನ ಪಾರ್ಷಲ್ ಫ್ಲೂಮ್: ಸಿಂಧನೂರು ಭಾಗದ ಕಾಲುವೆಯಲ್ಲಿ ಬಳಸಿದ ಮೇಲೆ

ತುಂಗಭದ್ರಾ ಎಡದಂಡೆ ಕಾಲುವೆಯ ವಿತರಣಾ ಕಾಲುವೆಯೊಂದರ ಕೆಳಭಾಗದಲ್ಲಿರುವ ನಮ್ಮ ನೀರು ಬಳಕೆದಾರರ ಸಹಕಾರ ಸಂಘವು, ಊರ ಸಮೀಪದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಉಕ್ಕಿನ ತಗಡಿನಿಂದ ಮಾಡಿಸಿದ ಒಂಬತ್ತು ಇಂಚು ಕಂಠದ (ನಡುವಿನ ಕಿರಿದಾದ ಭಾಗದ) ಪಾರ್ಷಲ್ ಫ್ಲೂಮನ್ನು, ಅಂದರೆ ಕಾಲುವೆಯ ಹರಿವನ್ನು ಅಳೆಯುವ ಸಾಧನವನ್ನು, ಕಳೆದ ಮುಂಗಾರು ಹಂಗಾಮಿನಿಂದ ಬಳಸುತ್ತಿದೆ. ಇಂಥದನ್ನು ಕೊಳ್ಳಬೇಕೆಂದಿರುವ ಇತರ ಸಂಘಗಳಿಗಾಗಿ ಈ ವಿಮರ್ಶೆ.

227 ಕಿಲೋಮೀಟರ್ ಉದ್ದದ ಈ ಕಾಲುವೆಯ ಮೇಲೆ ರೈತರಿಂದ ಎಂಜಿನಿಯರರವರೆಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಗೇಜ್ ಎಷ್ಟಿದೆ?’ ಎಂಬುದು. ಆದರೆ ಗೋಡೆಗೆ ಬಳಿದ ಗೇಜ್ ಪಟ್ಟಿ ಆಳವನ್ನು ಹೇಳುತ್ತದೆಯೇ ಹೊರತು ಹರಿವನ್ನಲ್ಲ. ಇಳಿಜಾರು ಕಡಿಮೆಯಿರುವ ನಮ್ಮ ಎರೆಭೂಮಿಯಲ್ಲಿ, ಕೆಳಗಿನವರು ಭತ್ತದ ಮಡಿಗೆ ನೀರೇರಿಸಲೆಂದು ಕಲ್ಲು, ಚೀಲ ಅಡ್ಡವಿಟ್ಟರೆ ಅದರ ಹಿನ್ನೀರು ಬಹುದೂರ ಹಬ್ಬಿ ಮೇಲಿನ ಗೇಜನ್ನು ಏರಿಸುತ್ತದೆ. ಬಂದ ನೀರು ಒಂದು ಹನಿಯೂ ಹೆಚ್ಚಿರುವುದಿಲ್ಲ. ಜೊಂಡು ಬೆಳೆದರೂ ಅದೇ ಫಲ. ಅಡ್ಡ ತೆಗೆದ ಕೂಡಲೇ ಆಳ ಇಳಿದು, ನೀರು ಕಡಿಮೆ ಬಿಟ್ಟರೆಂಬ ಕೂಗು ಏಳುತ್ತದೆ. ನಮ್ಮ ಸಭೆಗಳ ಅರ್ಧ ಜಗಳ ಇದರದೇ.

ಫ್ಲೂಮ್ ಈ ಗೊಂದಲವನ್ನು ನಿವಾರಿಸುವ ಬಗೆ ಸರಳವಾಗಿದೆ. ಅಗಲವಾಗಿ ಬಂದ ಕಾಲುವೆಯನ್ನು ಕಿರಿದಾದ ಕಂಠಕ್ಕೆ ತಂದು, ಅಲ್ಲಿ ತಳವನ್ನು ಕೆಳಮುಖವಾಗಿ ಇಳಿಸಿರುವುದರಿಂದ ನೀರಿನ ವೇಗವು ಅದರ ಮೇಲೆ ಅಲೆ ಸಾಗುವ ವೇಗವನ್ನು ಮೀರುತ್ತದೆ. ಹೀಗಾಗಿ ಕೆಳಗಿನ ಅಡ್ಡಿಯ ಪರಿಣಾಮ ಮೇಲಕ್ಕೆ ಏರಲಾರದು. ಕಂಠದ ಮುಂಚಿನ ಆಳವೊಂದನ್ನೇ ಓದಿದರೆ ಹರಿವು ತಿಳಿಯುತ್ತದೆ. ಈ ಅಳತೆಯ ಫ್ಲೂಮಿನಲ್ಲಿ ಅರ್ಧ ಅಡಿ ಆಳಕ್ಕೆ ಸುಮಾರು 1.06 ಕ್ಯೂಸೆಕ್, ಒಂದು ಅಡಿಗೆ 3.07 ಕ್ಯೂಸೆಕ್ ಹರಿಯುತ್ತದೆ. ಆಳ ಎರಡರಷ್ಟಾದರೆ ನೀರು ಹತ್ತಿರ ಹತ್ತಿರ ಮೂರರಷ್ಟಾಗುತ್ತದೆ ಎಂಬುದನ್ನು ನಮ್ಮ ಸದಸ್ಯರು ನಂಬಿದ್ದು ಈ ಕೋಷ್ಟಕವನ್ನು ಗೋಡೆಗೆ ಬರೆಸಿದ ಮೇಲೆಯೇ.

ಇದಕ್ಕೊಂದು ಕಟ್ಟುನಿಟ್ಟಿನ ಷರತ್ತಿದೆ. ಕೆಳಬದಿಯ ನೀರಿನ ಮಟ್ಟವು, ಫ್ಲೂಮಿನ ಮುಂಭಾಗದ ತಳದ ಮಟ್ಟದಿಂದಲೇ ಅಳೆದಾಗ, ಮೇಲ್ಬದಿಯ ಆಳದ ಶೇ 60ನ್ನು ದಾಟಬಾರದು. ದಾಟಿದರೆ ಕಂಠ ಮುಳುಗಿ ಹಿನ್ನೀರಿನ ಪ್ರಭಾವ ಮತ್ತೆ ಮೇಲೇರುತ್ತದೆ, ಒಂದೇ ಗೇಜಿನ ಲೆಕ್ಕ ಹೆಚ್ಚಾಗಿ ಬರುತ್ತದೆ. ಆದ್ದರಿಂದ ಫ್ಲೂಮನ್ನು ಕಾಲುವೆಯ ತಳಕ್ಕಿಂತ ಎತ್ತರಿಸಿ ಕೂರಿಸಬೇಕಾಯಿತು. ಎತ್ತರಿಸಿದಷ್ಟೂ ಮೇಲಿನ ನೀರು ಏರುವುದರಿಂದ ಅಲ್ಲಿನ ಬದುವನ್ನೂ ಏರಿಸಬೇಕಾಯಿತು. ಫ್ಲೂಮಿಗಿಂತ ಕಾಂಕ್ರೀಟಿಗೂ ಮಣ್ಣಿನ ಕೆಲಸಕ್ಕೂ ಹೆಚ್ಚು ಹಣ ಹೋಯಿತು. ಬೆಲೆ ಕೇಳುವವರು ಇದನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಎರೆಮಣ್ಣು ಬಿರಿದು ಉಬ್ಬುವುದರಿಂದ ಅಡಿಪಾಯಕ್ಕೆ ಮೊರಂ ತುಂಬಿಸುವುದು ಅಗತ್ಯ. ಮುಂಭಾಗದ ತಳ ಎರಡೂ ದಿಕ್ಕಿಗೆ ಮಟ್ಟವಾಗಿಲ್ಲದಿದ್ದರೆ ಓದು ಕೆಡುತ್ತದೆ.

ಅಂಗಡಿಯ ಕೆಲಸ ಒಟ್ಟಾರೆ ಚೆನ್ನಾಗಿದೆ. ಕಂಠದ ಅಗಲ ಮೇಲೆ ಕೆಳಗೆ ಒಂದೇ ಇದೆ, ಬೆಸುಗೆ ಉಜ್ಜಿ ನಯಗೊಳಿಸಿದ್ದಾರೆ. ಹೂಳು ತಾನೇ ಕೊಚ್ಚಿಹೋಗುತ್ತದೆ, ಅಡ್ಡಗೋಡೆಯ ಮೇಲೆ ಹರಿಸಿ ಅಳೆಯುವ ಕಟ್ಟೆಗಳಿಗಿಲ್ಲದ ಅನುಕೂಲವಿದು. ಕೊರತೆ ಗೇಜ್ ಪಟ್ಟಿಯಲ್ಲಿದೆ: ಕೋಷ್ಟಕವು ಅಡಿಯ ದಶಮಾಂಶದಲ್ಲಿದ್ದರೆ ಪಟ್ಟಿಯನ್ನು ಇಂಚಿನಲ್ಲಿ ಬಳಿದಿದ್ದರು. ಅದನ್ನು ಕಂಠದ ಹತ್ತಿರಕ್ಕೆ ಸಿಕ್ಕಿಸಿದ್ದರು ಕೂಡ. ಇರಬೇಕಾದದ್ದು ಕಂಠದ ಬಾಯಿಂದ ಹಿಂದಕ್ಕೆ, ಕಂಠದತ್ತ ಕಿರಿದಾಗುತ್ತ ಬರುವ ಗೋಡೆಯ ಉದ್ದದ ಮೂರರಲ್ಲಿ ಎರಡು ಭಾಗದಷ್ಟು ದೂರದಲ್ಲಿ. ನಾವು ತೆಗೆಸಿ ಬೇರೆ ಹಾಕಿಸಿದೆವು.

ಫ್ಲೂಮ್ ಅಳೆಯುತ್ತದೆ, ನಿಯಂತ್ರಿಸುವುದಿಲ್ಲ. ಮಟ್ಟವನ್ನು ಸ್ಥಿರವಾಗಿ ಹಿಡಿಯಬೇಕೆಂದರೆ ಬೇರೆ ಉಪಾಯ ಬೇಕು. ಕಟ್ಟೆಯ ಮೇಲೆ ಹರಿಯುವ ನೀರಿನ ಆಳ ಶೇ 10 ಏರಿದರೆ ಹರಿವು ಸುಮಾರು ಶೇ 15 ಏರುತ್ತದೆ. ಮುಳುಗಿದ ತೂಬಿನಲ್ಲಿ ನೀರಿನ ಒತ್ತಡದ ಎತ್ತರ ಅಷ್ಟೇ ಏರಿದರೂ ಹರಿವು ಏರುವುದು ಶೇ 5ರಷ್ಟು ಮಾತ್ರ. ಅಂದರೆ ಹೆಚ್ಚಾಗಿ ಬಂದ ನೀರನ್ನು ಕಟ್ಟೆ ಮಟ್ಟ ಹೆಚ್ಚು ಏರಿಸದೆ ದಾಟಿಸುತ್ತದೆ, ತೂಬಿನ ಹರಿವು ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಕಾಲುವೆಗೆ ಅಡ್ಡಲಾಗಿ ಉದ್ದನೆಯ ಕಟ್ಟೆ, ಪಕ್ಕದ ಹೊಲಗಾಲುವೆಗೆ ತೂಬು ಎಂಬ ಜೋಡಿ ನನಗೆ ಹೆಚ್ಚು ಸರಿಯೆನಿಸುತ್ತದೆ. ಫ್ಲೂಮನ್ನು ಆ ತೂಬಿನ ಕೆಳಗೆ, ನೀರಿನ ಮಟ್ಟ ಕನಿಷ್ಠ ಅರ್ಧ ಅಡಿ ಇಳಿಯುವ ಜಾಗದಲ್ಲಿ ಕೂರಿಸುವವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಅಷ್ಟು ಇಳಿತ ಇಲ್ಲದವರು ಹಣ ಕಟ್ಟುವ ಮೊದಲು ಮಟ್ಟ ಅಳೆಸಲಿ.