ವಿ-ಕ್ರಾಸ್‌ಗೆ ಹೊರಗಿನ ಸೈಲೆನ್ಸರ್ ಹಾಕಿಸಿ ನಾನು ಕಳೆದುಕೊಂಡದ್ದು

ನಿಮ್ಮ ಹತ್ತಿರ ಬಿಎಸ್6 ಹೊಗೆ ನಿಯಮದ ಡೀಸೆಲ್ ಪಿಕಪ್ ಇದೆಯಾ? ಸೈಲೆನ್ಸರ್ ಬದಲಾಯಿಸೋಣ ಅನ್ನುವ ಯೋಚನೆ ಇದೆಯಾ? ಹಾಗಿದ್ದರೆ ಅಂಗಡಿಯವರಿಗೆ ಮೊದಲು ಒಂದು ಪ್ರಶ್ನೆ ಕೇಳಿ: ಡಿಪಿಎಫ್ ಅನ್ನುವ ಹೊಗೆ ಫಿಲ್ಟರನ್ನು ಏನು ಮಾಡ್ತೀರಿ? ನಾನು ಕೇಳಲಿಲ್ಲ. ಅದಕ್ಕೆ ಹತ್ತಿರ ಹತ್ತಿರ ಎರಡೂವರೆ ಲಕ್ಷ ರೂಪಾಯಿ ತೆತ್ತೆ. ದುಡ್ಡು ಹೇಗೋ ಹೊಂದಿಸಿಕೊಂಡೆ. ಆದರೆ ಒಂಬತ್ತು ತಿಂಗಳು ನಮ್ಮ ತೋಟದ ಕೆಲಸದವರಿಗೆ, ನಮ್ಮಮ್ಮನಿಗೆ ಕರಿ ಹೊಗೆ ಕುಡಿಸಿದೆನಲ್ಲ, ಅದು ಇವತ್ತಿಗೂ ಮನಸ್ಸನ್ನು ಚುಚ್ಚುತ್ತದೆ.

ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ ತೋಟ. 2021ರ ಕೊನೆಯಲ್ಲಿ ಇಸುಝು ವಿ-ಕ್ರಾಸ್ ತಂದೆವು. 1.9 ಲೀಟರ್ ಡೀಸೆಲ್ ಎಂಜಿನ್, 163 ಪಿಎಸ್. ತೋಟದ ಕೆಲಸಕ್ಕೂ ಸೈ, ಮನೆಯವರನ್ನು ಕೂರಿಸಿಕೊಂಡು ಹಾಸನಕ್ಕೆ ಹೋಗಿ ಬರುವುದಕ್ಕೂ ಸೈ. ಗಾಡಿಯ ಬಗ್ಗೆ ನನಗೆ ಒಂದು ದೂರೂ ಇರಲಿಲ್ಲ. ಒಂದೇ ಕಿರಿಕಿರಿ ಅಂದರೆ ಆಗಾಗ ಹತ್ತುತ್ತಿದ್ದ ಡಿಪಿಎಫ್ ಲೈಟು.

ಡಿಪಿಎಫ್ ಅಂದರೆ ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಫಿಲ್ಟರ್. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳಿರುತ್ತವೆ. ಒಂದು ತೂತು ಈ ಕಡೆ ಮುಚ್ಚಿದ್ದರೆ ಪಕ್ಕದ್ದು ಆ ಕಡೆ ಮುಚ್ಚಿರುತ್ತದೆ. ಗಾಳಿ ಗೋಡೆಯ ಮೂಲಕ ನುಸುಳಿ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ಮಸಿ ತುಂಬಿದಾಗ ಎಂಜಿನ್ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸಿ, ಆ ಮಸಿಯನ್ನು ಸುಟ್ಟು ಹಾಕುತ್ತದೆ. ಇದಕ್ಕೆ ಗಾಡಿ ಒಂದೇ ಹದದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಬೇಕು. ನಮ್ಮ ಓಡಾಟ ಎಂಥದ್ದು? ಮನೆಯಿಂದ ಕಣಕ್ಕೆ, ಕಣದಿಂದ ಕೆಲಸದವರ ಲೈನ್ ಮನೆಗೆ, ಅಲ್ಲಿಂದ ಪಂಪ್‌ಹೌಸಿಗೆ. ಮೂರು ಕಿಲೋಮೀಟರ್ ಹೋಗಿ ಎಂಜಿನ್ ಆಫ್. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಲೈಟು ಹತ್ತದೆ ಇನ್ನೇನಾಗುತ್ತದೆ? ಹಾಗೆ ಅರ್ಧಕ್ಕೆ ನಿಂತಾಗಲೆಲ್ಲ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುವುದೂ ಉಂಟು. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ.

2023ರಲ್ಲಿ ಪರಿಚಯದ ಹುಡುಗನೊಬ್ಬ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ನಮ್ಮದೇ ಥರದ ಗಾಡಿ, ಹೊಸ ಸೈಲೆನ್ಸರ್, ಗಂಭೀರವಾದ ದನಿ. ನನಗೆ ಬಹಳ ಹಿಡಿಸಿತು. ನವೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾಗುವ ಮುಂಚೆ ಬೆಂಗಳೂರಿನ ಒಂದು ಅಂಗಡಿಗೆ ಗಾಡಿ ತೆಗೆದುಕೊಂಡು ಹೋದೆ. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಇಂಥ ಕೆಲಸ ಮಾಡುವ ಅಂಗಡಿ ಅದೊಂದೇ ಅಲ್ಲ.

ನಾನು ಹೇಳಿದ್ದು ಎರಡೇ ಮಾತು. ದನಿ ಚೆನ್ನಾಗಿರಬೇಕು, ಆಮೇಲೆ ಈ ಡಿಪಿಎಫ್ ಲೈಟು ಆಗಾಗ ಬರುತ್ತದೆ, ಸ್ವಲ್ಪ ನೋಡಿ. ಅವರು ಹೇಳಿದ್ದು ಮೂರು ಮಾತು. ಎಲ್ಲ ಕ್ಲೀನ್ ಮಾಡಿಕೊಡ್ತೀವಿ, ಲೈಟು ಮತ್ತೆ ಬರಲ್ಲ, ಪಿಕಪ್ಪೂ ಮೈಲೇಜೂ ಜಾಸ್ತಿ ಆಗುತ್ತೆ. ‘ಕ್ಲೀನ್’ ಅಂದರೆ ತೊಳೆಯುವುದು ಎಂದುಕೊಂಡೆ. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ಗಾಡಿ ಕೈಗೆ ಸಿಕ್ಕಿದ್ದು ಸಂಜೆ ಐದಕ್ಕೆ. ಬರೀ ಸೈಲೆನ್ಸರ್ ಬದಲಾಯಿಸಲು ಇಷ್ಟು ಹೊತ್ತು ಬೇಕಾಗಿಲ್ಲ, ಅಲ್ವಾ? ನನಗೆ ಆಗ ಹೊಳೆಯಲಿಲ್ಲ. ಬಿಲ್ಲಿನಲ್ಲಿ ‘ಎಸ್‌ಎಸ್ 304 ಫುಲ್ ಸಿಸ್ಟಂ, ಟ್ಯೂನಿಂಗ್’ ಎಂದು ಬರೆದಿತ್ತು. 58,000 ರೂಪಾಯಿ. ಹಳೆಯ ಸೈಲೆನ್ಸರ್ ಕೇಳಿ ವಾಪಸ್ ತಂದೆ. ಅವತ್ತು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಅಂಗಡಿ ಮುಂದೆ ಆಕ್ಸಲರೇಟರ್ ಒತ್ತಿ ಕೇಳಿಸಿದಾಗ ದನಿ ಚೆನ್ನಾಗಿಯೇ ಇತ್ತು. ನೆಲಮಂಗಲ ದಾಟಿ ಟಾಪ್ ಗೇರಿಗೆ ಬಂದ ಮೇಲೆ ಬೇರೆ ಕಥೆ ಶುರುವಾಯಿತು. ಎಂಜಿನ್ ವೇಗದ (ಆರ್‌ಪಿಎಂ) ಮೀಟರ್ 1800ರ ಹತ್ತಿರ ಬಂದರೆ ಸಾಕು, ಒಂದು ಗುಂಯ್ ಅನ್ನುವ ಸದ್ದು. ಕಿವಿಗಿಂತ ಎದೆಗೆ ಬಡಿಯುವಂಥದ್ದು. ನಾಲ್ಕು ಸಿಲಿಂಡರ್ ಎಂಜಿನ್ 1800 ಆರ್‌ಪಿಎಂನಲ್ಲಿ ತಿರುಗುವಾಗ ಸೆಕೆಂಡಿಗೆ 60 ಸಲ ಸಿಡಿಯುತ್ತದೆ. ಕಂಪನಿಯ ಸೈಲೆನ್ಸರ್ ಆ ಸದ್ದನ್ನು ಒಳಗಿನ ಗೂಡುಗಳಲ್ಲೇ ಸುತ್ತಾಡಿಸಿ ಅಡಗಿಸುತ್ತದೆ. ನನಗೆ ಹಾಕಿದ್ದು ನೇರ ಕೊಳವೆ, ಸುತ್ತ ಗ್ಲಾಸ್‌ವೂಲ್ ತುಂಬಿದ ಡಬ್ಬ. ಅದು ಚೂಪು ಸದ್ದನ್ನು ತಡೆಯುತ್ತದೆ, ಈ ದಪ್ಪ ಸದ್ದನ್ನು ತಡೆಯುವುದಿಲ್ಲ. ಕ್ಯಾಬಿನ್ ಒಳಗಿನ ಗಾಳಿಯೂ ಜೊತೆಗೆ ನಡುಗುತ್ತದೆ. ಹೈವೇನಲ್ಲಿ, ಘಾಟಿಯಲ್ಲಿ ನಾವು ಗಂಟೆಗಟ್ಟಲೆ ಓಡಿಸುವುದು ಇದೇ 1500ರಿಂದ 2200ರ ನಡುವೆ. ಹಾಸನ ಮುಟ್ಟುವಷ್ಟರಲ್ಲಿ ನನಗೆ ತಲೆನೋವು ಬಂದಿತ್ತು. ಆದ್ದರಿಂದ ಅಂಗಡಿ ಮುಂದೆ ರೇಸ್ ಮಾಡಿ ಕೇಳಿಸುವ ದನಿಯನ್ನು ನಂಬಲೇಬೇಡಿ. ಅದೇ ಸೈಲೆನ್ಸರ್ ಹಾಕಿಸಿದ ಬೇರೆಯವರ ಗಾಡಿಯಲ್ಲಿ ಒಂದು ಗಂಟೆ ಕೂತು ಬನ್ನಿ. ಕಿಟಕಿ ಮುಚ್ಚಿಕೊಂಡೇ ಕೂರಿ.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೋ ಹೇಳಲಾಗದು. ಸಂಜೆ ಹೊತ್ತು ಕಿಟಕಿ ಇಳಿಸಿಕೊಂಡು, ಎಲ್ಲಾದರೂ ಕೊಂಬೆ ಮುರಿದ ಸದ್ದು ಬರುತ್ತದಾ ಎಂದು ಕಿವಿಗೊಟ್ಟು ನಿಧಾನ ಹೋಗುವುದು ನಮಗೆಲ್ಲ ರೂಢಿ. ಈ ಸೈಲೆನ್ಸರ್ ಹಾಕಿದ ಮೇಲೆ ಹೊರಗಿನದು ಏನೂ ಕೇಳುತ್ತಿರಲಿಲ್ಲ. ಒಂದು ಸಂಜೆ ಕೆರೆ ಏರಿಯ ಹತ್ತಿರ, ಇಪ್ಪತ್ತು ಮಾರು ದೂರದಲ್ಲಿ ತಾಯಿ ಆನೆ, ಮರಿ ಇದ್ದದ್ದು ಕಣ್ಣಿಗೆ ಬಿದ್ದ ಮೇಲಷ್ಟೇ ಗೊತ್ತಾಯಿತು. ಜೊತೆಗಿದ್ದ ಹುಡುಗ ಕೈ ಹಿಡಿದು ಎಳೆದ. ಎಂಜಿನ್ ಆಫ್ ಮಾಡಿ ಉಸಿರು ಬಿಗಿಹಿಡಿದು ಕೂತೆವು. ಅವು ತಾವಾಗಿಯೇ ಹೋದವು.

ಡಿಸೆಂಬರ್‌ನಲ್ಲಿ ಅಮ್ಮನನ್ನು ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತುತ್ತಿದ್ದೆವು. ಮುಂದೆ ಟ್ಯಾಂಕರ್‌ಗಳ ಸಾಲು, ಎಲ್ಲ ಎರಡನೇ ಗೇರು. ಮಾರನಹಳ್ಳಿ ಹತ್ತಿರ ರಬ್ಬರ್ ಸುಟ್ಟ ವಾಸನೆ ಬಂತು. ಯಾವುದೋ ಲಾರಿಯ ಕ್ಲಚ್ ಇರಬೇಕು ಎಂದುಕೊಂಡೆ. ವಾಸನೆ ಹೋಗಲಿಲ್ಲ. ಬದಿಗೆ ನಿಲ್ಲಿಸಿ ಬಗ್ಗಿ ನೋಡಿದರೆ ಸ್ಟೆಪ್ನಿ ಟೈರಿಗೂ ಹೊಸ ಪೈಪಿಗೂ ಎರಡು ಬೆರಳು ಜಾಗ ಇಲ್ಲ. ಟೈರಿನ ಪಕ್ಕೆ ಮೆತ್ತಗಾಗಿ ಹೊಳೆಯುತ್ತಿತ್ತು, ಒಂದು ಕಡೆ ಬೊಬ್ಬೆ ಎದ್ದಿತ್ತು. ಪಿಕಪ್‌ನಲ್ಲಿ ಸ್ಟೆಪ್ನಿ ಇರುವುದು ಹಿಂದಿನ ತೊಟ್ಟಿಯ ಅಡಿಯಲ್ಲಿ. ಕಂಪನಿ ಪೈಪ್ ಅದನ್ನು ದೂರದಿಂದ ಬಳಸಿಕೊಂಡು ಹೋಗುತ್ತದೆ, ನಡುವೆ ಶಾಖ ತಡೆಯುವ ತಗಡೂ ಇರುತ್ತದೆ. ಇವರು ಹತ್ತಿರದ ದಾರಿ ಹಿಡಿದಿದ್ದರು, ತಗಡು ಬಿಚ್ಚಿ ಬಿಸಾಕಿದ್ದರು. ಕಬ್ಬಿಣ ಕಾದರೆ ಉದ್ದವಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಎರಡು ಮೀಟರ್ ಸ್ಟೀಲ್ ಪೈಪ್ ಇನ್ನೂರು ಡಿಗ್ರಿ ಏರಿದರೆ ಆರೇಳು ಮಿಲಿಮೀಟರ್ ಬೆಳೆಯುತ್ತದೆ. ತಣ್ಣಗಿದ್ದಾಗ ತಾಗದ ಪೈಪು ಕಾದಾಗ ತಾಗಬಹುದು. ಬ್ರೇಕಿನ ಪೈಪು ಆ ಜಾಗದಲ್ಲಿ ಇದ್ದಿದ್ದರೆ? ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಅಷ್ಟಾದ ಮೇಲೂ ತೆಗೆಸಲಿಲ್ಲ. ಸ್ಟೆಪ್ನಿ ಬಿಚ್ಚಿ ತೊಟ್ಟಿಯೊಳಗೆ ಹಾಕಿಕೊಂಡು ಓಡಿಸಿದೆ. ಕೊಯ್ಲಿನ ಗಡಿಬಿಡಿ ಅಂತ ಸುಮ್ನೆ ಮುಂದೂಡಿದೆ. ಅದು ತಪ್ಪು.

ಮಳೆಗಾಲ ಬಂತು. ಜೂನ್ ಕಳೆಯುವುದರೊಳಗೆ ಬೆಸುಗೆ ಹಾಕಿದ ಕಡೆಯೆಲ್ಲ ಕಂದು ಬಣ್ಣ. ಬಿಲ್ಲಿನಲ್ಲಿ ಬರೆದಿದ್ದ 304 ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಅದಕ್ಕೇ ಅದಕ್ಕೆ ಆ ಬೆಲೆ. ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು ತೋರಿಸಿದ್ದರು, ನೋಡಿ ಸಾರ್ ಹಿಡಿಯಲ್ಲ, ಪಕ್ಕಾ 304 ಅಂತ. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 201 ಅನ್ನುವ ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಕಂಪನಿಗಳು ಸೈಲೆನ್ಸರಿಗೆ ಜಾಸ್ತಿ ಬಳಸುವ 409ಕ್ಕೆ ಮ್ಯಾಗ್ನೆಟ್ ಚೆನ್ನಾಗಿ ಹಿಡಿಯುತ್ತದೆ, ಹಾಗಂತ ಅದು ಕೆಟ್ಟ ಮಾಲಲ್ಲ. ಸ್ಟೀಲ್ ರೇಲಿಂಗ್ ಮಾಡುವವರ ಹತ್ತಿರ, ಗುಜರಿಯವರ ಹತ್ತಿರ ಸ್ಟೀಲ್ ಪರೀಕ್ಷಿಸುವ ದ್ರಾವಣದ ಒಂದು ಪುಟ್ಟ ಬಾಟಲಿ ಇರುತ್ತದೆ. ಒಂದು ಹನಿ ಹಾಕಿ ಬ್ಯಾಟರಿ ತಾಗಿಸಿದರೆ 201 ಇದ್ದಲ್ಲಿ ಕೆಂಪಾಗುತ್ತದೆ. ನನ್ನ ಪೈಪು ಕೆಂಪಾಯಿತು.

ಆಗಸ್ಟ್‌ನಲ್ಲಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರ್ ಕೈಕೊಟ್ಟಿತು. ವಾರಂಟಿ ಇನ್ನೂ ಇದೆಯಲ್ಲ ಎಂಬ ಧೈರ್ಯದಲ್ಲಿ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಕಂಪ್ಯೂಟರ್ ಹಚ್ಚುವ ಮುಂಚೆಯೇ ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಬೆರಳಿಟ್ಟ. ತೆಗೆದರೆ ಬೆರಳೆಲ್ಲ ಕಾಡಿಗೆ. ‘ಸರ್, ಡಿಪಿಎಫ್ ಇರೋ ಗಾಡಿಯಲ್ಲಿ ಇಲ್ಲಿ ಮಸಿ ಇರಬಾರದು’ ಎಂದ. ಆಮೇಲೆ ಡಿಪಿಎಫ್ ಬಿಚ್ಚಿಸಿ ತೋರಿಸಿದ. ಹೊರಗಿನ ಡಬ್ಬ ಹಾಗೇ ಇದೆ. ಮೇಲ್ಭಾಗದಲ್ಲಿ ಕತ್ತರಿಸಿ ಮತ್ತೆ ಬೆಸುಗೆ ಹಾಕಿದ್ದಾರೆ. ಒಳಗೆ ಏನೂ ಇಲ್ಲ. ಜೇನುಗೂಡನ್ನು ಒಡೆದು ಪೂರ್ತಿ ತೆಗೆದಿದ್ದಾರೆ. ಲೈಟು ಬರದ ಹಾಗೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಾಯಿಸಿದ್ದಾರೆ. ಬಿಲ್ಲಿನಲ್ಲಿದ್ದ ‘ಟ್ಯೂನಿಂಗ್’ ಅದೇ. ಸಾಫ್ಟ್‌ವೇರ್ ಮುಟ್ಟಿದ ಗಾಡಿಗೆ ವಾರಂಟಿ ಸಿಗಲಿಲ್ಲ. ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. ಇಂಜೆಕ್ಟರ್ 32,000, ಹೊಸ ಡಿಪಿಎಫ್ 1,40,000, ಸಾಫ್ಟ್‌ವೇರ್ ಸರಿಪಡಿಸಿ ಎಲ್ಲ ಜೋಡಿಸುವುದಕ್ಕೆ ಬೇರೆ. ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದರೆ, ‘ನೀವೇ ಲೈಟು ಬರಬಾರದು ಅಂದ್ರಲ್ಲ’ ಎಂಬ ಉತ್ತರ.

ಆ ಬೆರಳಿನ ಪರೀಕ್ಷೆ ನೆನಪಿಟ್ಟುಕೊಳ್ಳಿ. ಎಂಜಿನ್ ತಣ್ಣಗಿದ್ದಾಗ ಮಾಡಿ. ಸೆಕೆಂಡ್ ಹ್ಯಾಂಡ್ ಬಿಎಸ್6 ಪಿಕಪ್ ಕೊಳ್ಳುವವರಿಗಂತೂ ಇದು ಬೇಕೇ ಬೇಕು. ಹಿಂದಿನ ಬಾಗಿಲಿನ ಮೇಲೆ ಕರಿ ಪುಡಿ ಕೂತಿದ್ದರೂ ಅನುಮಾನ ಪಡಿ. ನಮ್ಮ ಗಾಡಿಯ ಹಿಂದೆ ಅದು ಒಂಬತ್ತು ತಿಂಗಳು ಕೂರುತ್ತಿತ್ತು, ನಾನು ಧೂಳು ಎಂದುಕೊಂಡು ಒರೆಸುತ್ತಿದ್ದೆ. ಚೀಲ ಇಳಿಸುವಾಗ ಕೆಲಸದವರು ನಿಲ್ಲುವುದು ಅದೇ ಜಾಗದಲ್ಲಿ. ಎಂಜಿನ್ ಓಡುತ್ತಲೇ ಇರುತ್ತಿತ್ತು. ಅಮ್ಮ ಹಿಂದಿನ ಸೀಟಿನಲ್ಲಿ ಕೂತರೆ ಕೆಮ್ಮುತ್ತಿದ್ದರು. ಪೈಪಿನ ತುದಿಯನ್ನು ಗಾಡಿಯ ಅಂಚಿನವರೆಗೆ ತರದೆ ಅಡಿಯಲ್ಲೇ ಬಿಟ್ಟಿದ್ದರು. ಹೊಗೆ ಅಲ್ಲೇ ಸುತ್ತಿ ಒಳಗೆ ಬರುತ್ತಿತ್ತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಆ ಮಸಿಯನ್ನು ತಡೆಯಲೆಂದೇ ಇದ್ದ ವಸ್ತುವನ್ನು ನಾನು ದುಡ್ಡು ಕೊಟ್ಟು ತೆಗೆಸಿದ್ದೆ.

ಕಾನೂನಿನ ವಿಷಯವನ್ನೂ ಹೇಳಬೇಕು. ಬೈಕಿನವರ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ನೋಡಿ, ಅದು ಬೈಕಿನವರಿಗೆ ಮಾತ್ರ ಎಂದುಕೊಂಡಿದ್ದೆ. ಹಾಗಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಹೊಗೆ ಮತ್ತು ಸದ್ದಿನ ಮಿತಿ ಮೀರಿದ ಗಾಡಿ ಓಡಿಸಿದರೆ ಸೆಕ್ಷನ್ 190ರ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಅನುಮತಿ ಇಲ್ಲದೆ ಗಾಡಿ ಮಾರ್ಪಾಡು ಮಾಡಿಸಿದ ಮಾಲೀಕರಿಗೆ 182ಎ ಅಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಅಂಗಡಿಯವರು ಇದನ್ನು ನಿಮಗೆ ಹೇಳುವುದಿಲ್ಲ. ಗಾಡಿ ಇರುವುದು ನಿಮ್ಮ ಹೆಸರಿನಲ್ಲಿ.

ಹಾಗಾದರೆ ಪವರ್? ಎಂಜಿನ್ ಸ್ವಲ್ಪ ಚುರುಕಾದಂತೆ ಅನ್ನಿಸಿದ್ದು ನಿಜ. ಅದು ಸಾಫ್ಟ್‌ವೇರ್‌ನಲ್ಲಿ ಡೀಸೆಲ್ ಜಾಸ್ತಿ ಬಿಟ್ಟದ್ದರಿಂದ, ಸೈಲೆನ್ಸರಿನಿಂದಲ್ಲ. ಡಿಪಿಎಫ್ ಮುಟ್ಟದೆ ಅದರ ಹಿಂದಿನ ಪೈಪು, ಡಬ್ಬ ಮಾತ್ರ ಬದಲಾಯಿಸಿದರೆ ಟರ್ಬೊ ಡೀಸೆಲ್‌ನಲ್ಲಿ ನಿಮಗೆ ಗೊತ್ತಾಗುವಷ್ಟು ಶಕ್ತಿ ಬರುವುದಿಲ್ಲ. ಬರೀ ಸೈಲೆನ್ಸರಿನಿಂದ ಪವರ್ ಬರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಒಂದೋ ಅವರಿಗೆ ಗೊತ್ತಿಲ್ಲ, ಇಲ್ಲವೇ ಡಿಪಿಎಫ್ ಒಡೆಯುವ ಲೆಕ್ಕ ಹಾಕಿದ್ದಾರೆ.

ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದ್ದರೆ ಬದಲಾಯಿಸಲೇಬೇಕು, ಒಪ್ಪುತ್ತೇನೆ. ಆಗ ಕಂಪನಿ ಮಾಲನ್ನೇ ಹಾಕಿಸಿ. ಹೊರಗೆ ಮಾಡಿಸಲೇಬೇಕಾಗಿ ಬಂದರೆ ಗಾಡಿ ಬಿಟ್ಟು ಹೋಗಬೇಡಿ, ಎದುರಿಗೆ ನಿಂತು ಮಾಡಿಸಿ. ಹಳೆಯ ಹ್ಯಾಂಗರ್ ರಬ್ಬರುಗಳಿಗೇ ತೂಗಬೇಕು, ಬೋಲ್ಟ್ ಹಾಕಿ ಕೂರಿಸಬೇಕು, ಬೆಸುಗೆ ಹಾಕಿ ಅಂಟಿಸಬಾರದು. ಬಗ್ಗಿಸಿದ ಕಡೆ ಪೈಪು ಚಪ್ಪಟೆಯಾಗಿದ್ದರೆ ಬೇಡ ಅನ್ನಿ. ಬಿಲ್ಲಿನಲ್ಲಿ ‘ಡಿಪಿಎಫ್ ಮುಟ್ಟಿಲ್ಲ’ ಎಂದು ಬರೆಸಿ. ಬರೆಯಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಲೈಟಿಗೆ ಔಷಧ ಎಷ್ಟು ಸುಲಭ ಇತ್ತು ಅಂತ ಈಗ ಹೊಟ್ಟೆ ಉರಿಯುತ್ತದೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು ನಲವತ್ತು ಕಿಲೋಮೀಟರ್. ವಾರಕ್ಕೊಮ್ಮೆ ಹೇಗಿದ್ದರೂ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೋ ಆಸ್ಪತ್ರೆಗೋ ಹೋಗುತ್ತೇವೆ. ಹಿಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗುತ್ತಿದ್ದೆ, ಈಗ ಗಾಡಿಯಲ್ಲೇ ಹೋಗುತ್ತೇನೆ. ಎಲ್ಲೂ ನಿಲ್ಲಿಸದೆ ಒಂದೇ ಹದದಲ್ಲಿ ಓಡಿಸುತ್ತೇನೆ. ಹೊಸ ಡಿಪಿಎಫ್ ಹಾಕಿಸಿದ ಮೇಲೆ ಲೈಟು ಬಂದದ್ದು ಒಂದೇ ಸಲ. ಬಾಳ್ಳುಪೇಟೆ ದಾಟುವಷ್ಟರಲ್ಲಿ ಆರಿತು.

ಕತ್ತರಿಸಿದ ಹಳೇ ಡಿಪಿಎಫ್ ಡಬ್ಬ ನಮ್ಮ ಗೋಡೌನ್‌ನಲ್ಲಿದೆ. ಗುಜರಿಗೆ ಹಾಕಿಲ್ಲ. ಈ ಕಡೆಯ ಹುಡುಗರು ಯಾರಾದರೂ ಸೈಲೆನ್ಸರ್ ಮಾತೆತ್ತಿದರೆ ಕರೆದು ತೋರಿಸುತ್ತೇನೆ, ಒಳಗೆ ಕೈ ಹಾಕಿ ನೋಡಿ ಅನ್ನುತ್ತೇನೆ.